ಬಾನೆಟ್ಟಿನ ಸುತ್ತ ನಿಂತವರು

ನಡೆಯುತ್ತಿದ್ದ ಟ್ರ್ಯಾಕ್ಟರು ಹೊಲದ ನಡುವೆ ಒಮ್ಮೆಲೇ ನಿಂತರೆ ಸಾಕು, ಐದು ನಿಮಿಷದೊಳಗೆ ಅದರ ಸುತ್ತ ಏಳೆಂಟು ಗಂಡಸರು ನೆರೆಯುತ್ತಾರೆ. ಎಲ್ಲಿಂದ ಬರುತ್ತಾರೋ ದೇವರಿಗೇ ಗೊತ್ತು. ಒಬ್ಬ ಬ್ಯಾಟರಿ ಹೋಗಿದೆ ಎನ್ನುತ್ತಾನೆ, ಇನ್ನೊಬ್ಬ ಪಂಪು ಎನ್ನುತ್ತಾನೆ, ಮೂರನೆಯವನು ಏನೂ ಹೇಳದೆ ಟೈರಿಗೊಂದು ಒದೆ ಕೊಟ್ಟು ಬೀಡಿ ಹಚ್ಚುತ್ತಾನೆ. ಹೊಲ, ಟ್ರ್ಯಾಕ್ಟರು, ಬ್ಯಾಂಕಿನ ಸಾಲ ಮೂರೂ ಯಾರ ಹೆಸರಿನಲ್ಲಿವೆಯೋ ಆ ಹೆಂಗಸು ಬುತ್ತಿಗಂಟು ಹಿಡಿದು ಬದುವಿನ ಮೇಲೆ ನಿಂತಿರುತ್ತಾಳೆ. ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಅವಳೂ ಯಾರನ್ನೂ ಏನೂ ಕೇಳುವುದಿಲ್ಲ. ನನ್ನ ಜಗಳ ಇರುವುದು ಈ ಎರಡನೆಯದರ ಜೊತೆ.

"ನಾವು ಪೇಟೆಯವರು, ನಮಗೆಲ್ಲಿಯ ಟ್ರ್ಯಾಕ್ಟರು?" ಎಂದು ಪುಟ ಮಗುಚಬೇಡಿ. ಪೇಟೆಯಲ್ಲಿದ್ದುಕೊಂಡೇ ಹೊಲದ ಒಡತಿಯರಾದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು. ಆದರೆ ಅದು ಅಷ್ಟರಲ್ಲೇ ಮದುವೆಯಾಗಿ ಹೋದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಅವರನ್ನೂ ಒಳಗೆ ಕರೆಯಿತು. ಉತಾರದಲ್ಲಿ ನಮ್ಮ ಹೆಸರು ಬಂತು, ಸರಿ. ಟ್ರ್ಯಾಕ್ಟರಿನ ಕೀಲಿಕೈ ಮಾತ್ರ ಅಣ್ಣನ ಜೇಬಿನಲ್ಲೋ ಗಂಡನ ಜೇಬಿನಲ್ಲೋ ಉಳಿಯಿತು. ಸಹಿ ನಮ್ಮದು, ಕಂತು ನಮ್ಮದು, ತಿಳಿವಳಿಕೆ ಮಾತ್ರ ಅವರದು!

ನನ್ನ ಪಾಲಿಗೆ ಹಾವೇರಿ ಸೀಮೆಯ ಎರೆಹೊಲದ ಜೊತೆಗೆ ಅಪ್ಪನ ಕಾಲದ ಟ್ರ್ಯಾಕ್ಟರೂ ಬಂತು. ಒಂದು ವರ್ಷ ಮುಂಗಾರಿನ ಹದ ನೋಡಿ ಹರಗಲು ಬಿಟ್ಟಾಗ ಅದು ನಿಂತುಬಿಟ್ಟಿತು. ಎರೆಭೂಮಿ ಗೊತ್ತಲ್ಲ, ಹಸಿಯಿದ್ದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕಲ್ಲು. ನಡುವಿನ ನಾಲ್ಕಾರು ದಿನವೇ ನಮ್ಮದು. ಮೇಸ್ತ್ರಿ ಬಂದವನು ಒಂದು ಸುತ್ತು ಹಾಕಿ, "ಇಂಜಿನ್ ಕೆಲಸಕ್ಕ ಬಂದೈತ್ರಿ ಅಕ್ಕಾರ, ಹೆಡ್ ಇಳಸಬೇಕು" ಅಂದ. ಯಾಕೆ ಎಂದು ಕೇಳಿದೆ. "ಅದು ನಿಮಗ ತಿಳಿಯಂಗಿಲ್ರಿ. ಮನ್ಯಾಗ ಗಂಡಸರಿದ್ರ ಕರೀರಿ" ಅಂದ.

ಅಪ್ಪನ ಟ್ರಂಕಿನಲ್ಲಿ ಆ ಟ್ರ್ಯಾಕ್ಟರಿನ ಕೈಪಿಡಿ ಇತ್ತು. ನಾನು ಅದನ್ನು ಓದಿದ್ದೆ. ಓದಿದ್ದು ಅಷ್ಟೇ, ಬೇರೆ ಯಾವ ವಿದ್ಯೆಯೂ ನನ್ನಲ್ಲಿರಲಿಲ್ಲ. ನಿಲ್ಲುವ ಮೊದಲು ಸದ್ದು ಹೇಗಿತ್ತು ಎಂದು ಡ್ರೈವರ್ ಹುಡುಗನನ್ನು ಕೇಳಿದೆ. "ಉಬ್ಬಸ ಬಂದಂಗ ಏರಿಳದು ಏರಿಳದು ನಿಂತ್ರಿ" ಅಂದ. ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸು ಎಂದೆ. ತಿರುಗಿಸುತ್ತಿದ್ದಂತೆ ಸುಸ್ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದ ಸಣ್ಣ ತೂತು ಮಣ್ಣು, ಎಣ್ಣೆಜಿಡ್ಡು ಸೇರಿ ಮುಚ್ಚಿಹೋಗಿತ್ತು.

ಇದರಲ್ಲಿ ತಿಳಿಯದೇ ಇರುವಂಥದ್ದು ಏನಿದೆ ಹೇಳಿ. ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸುರಿಯುವುದಿಲ್ಲ, ಆಚೆ ಮೂಲೆಗೆ ಇನ್ನೊಂದು ತೂತು ಬೇಕು. ಇದು ಗೊತ್ತಿಲ್ಲದ ಗೃಹಿಣಿಯನ್ನು ನಾನು ಕಂಡಿಲ್ಲ. ಟ್ಯಾಂಕಿನ ಕಥೆಯೂ ಅದೇ. ಡೀಸೆಲ್ ಇಳಿದಷ್ಟೂ ಜಾಗಕ್ಕೆ ಗಾಳಿ ಬರದಿದ್ದರೆ ಡೀಸೆಲ್ ಇಳಿಯುವುದೇ ನಿಲ್ಲುತ್ತದೆ.

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ 1897ರಲ್ಲಿ ನಡೆಸಿ ತೋರಿಸಿದ ಈ ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಅದು ಎಷ್ಟು ಬಿಗಿಯಾಗಿ ಅದುಮುತ್ತದೆಂದರೆ ಗಾಳಿ ತಾನೇ ಕಾದು ಕೆಂಡದಂತಾಗುತ್ತದೆ. ಅದರೊಳಗೆ ನಾಜಲ್ಲಿನಿಂದ ಡೀಸೆಲ್ ತುಂತುರಾಗಿ ಬಿದ್ದು ಹೊತ್ತಿಕೊಳ್ಳುತ್ತದೆ. ಹಾಗಾಗಿ ಚೆನ್ನಾಗಿ ಓಡುತ್ತಿದ್ದ ಹಳೆಯ ಟ್ರ್ಯಾಕ್ಟರು ಏದುಸಿರು ಬಿಟ್ಟು ನಿಂತಿತೆಂದರೆ ಮೊದಲ ಅನುಮಾನ ಡೀಸೆಲ್ ಬರುವ ದಾರಿಯ ಮೇಲೆ. ಟ್ಯಾಂಕಿನಲ್ಲಿ ಇದೆಯೇ? ಮುಚ್ಚಳ ಉಸಿರಾಡುತ್ತಿದೆಯೇ? ಗಾಜಿನ ಬಟ್ಟಲಿನ ತಳದಲ್ಲಿ ನೀರು, ಕೆಸರು ನಿಂತಿದೆಯೇ? ಫಿಲ್ಟರು ಕಟ್ಟಿದೆಯೇ? ನಿಲ್ಲಿಸಲು ಎಳೆಯುವ ಸ್ಟಾಪ್ ಗುಬ್ಬಿ ಅರ್ಧಕ್ಕೇ ಸಿಕ್ಕಿಕೊಂಡಿದೆಯೇ? ಇಷ್ಟು ನೋಡುವುದಕ್ಕೆ ಮೀಸೆ ಬೇಕಿಲ್ಲ. ಆಮೇಲೆ ಏರ್ ತೆಗೆಯುವುದು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತ ಹೋದರೆ ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದೆ ಬರೀ ಡೀಸೆಲ್ ಬಂದಾಗ ಬಿಗಿ ಮಾಡಬೇಕು. ನನ್ನ ತಾಯಿ ಪಂಪ್ ಸ್ಟೌವಿನ ಕಣ್ಣಿಗೆ ಪಿನ್ನು ಹಾಕುತ್ತ, ಸೀಮೆಎಣ್ಣೆಯಲ್ಲಿ ನೀರು ಬೆರೆತಿದೆ ಎಂಬುದನ್ನು ಉರಿಯ ಚಟಪಟದಿಂದಲೇ ಹೇಳುತ್ತ ಮೂವತ್ತು ವರ್ಷ ಕಳೆದಳು. ಅವಳನ್ನು ಯಾರೂ ಮೇಸ್ತ್ರಿ ಎನ್ನಲಿಲ್ಲ.

ಬ್ಯಾಟರಿ ಮಾರುವವರ ಮಾತಿಗಂತೂ ಮರುಳಾಗಬೇಡಿ. ಈ ಹಳೆಯ ಇಂಜಿನ್ನುಗಳಿಗೆ ಬ್ಯಾಟರಿ ಬೇಕಾಗುವುದು ಸೆಲ್ಫ್ ಹೊಡೆಯುವಾಗ. ಓಡುತ್ತಿರುವ ಇಂಜಿನ್ನು ನಿಲ್ಲುವುದಕ್ಕೂ ಬ್ಯಾಟರಿಗೂ ಸಂಬಂಧವಿಲ್ಲ. ನಿಂತ ಮೇಲೆ ಹತ್ತು ಸಲ ಸೆಲ್ಫ್ ಹೊಡೆದು ಬ್ಯಾಟರಿ ಇಳಿಸಿಟ್ಟು, "ನೋಡ್ರಿ, ಬ್ಯಾಟರಿನೂ ಹೋಗೇತಿ" ಎನ್ನುವ ಜಾಣರಿದ್ದಾರೆ. (ಎಲೆಕ್ಟ್ರಾನಿಕ್ ಪೆಟ್ಟಿಗೆಯಿಂದ ನಡೆಯುವ ಹೊಸ ದೊಡ್ಡ ಟ್ರ್ಯಾಕ್ಟರುಗಳ ಮಾತು ಬೇರೆ.)

ಟ್ರ್ಯಾಕ್ಟರು ಅಪಾಯದ ವಸ್ತು, ಹೆಂಗಸರಿಗೆ ತಕ್ಕದ್ದಲ್ಲ ಎನ್ನುತ್ತಾರೆ. ಅಪಾಯ ಇರುವುದು ನಿಜ. ಓಡುವ ಇಂಜಿನ್ನಿನ ಫ್ಯಾನು, ಬೆಲ್ಟು, ಹಿಂದಿನ ತಿರುಗುವ ಶಾಫ್ಟು ಸೆರಗನ್ನೋ ಜಡೆಯನ್ನೋ ಹಿಡಿದರೆ ಬಿಡುವುದಿಲ್ಲ. ಸೆರಗು ಸಿಕ್ಕಿಸಿ, ಜಡೆ ಕಟ್ಟಿ, ಇಂಜಿನ್ನು ನಿಂತು ಕೀಲಿಕೈ ನಿಮ್ಮ ಕೈಗೆ ಬಂದ ಮೇಲೆಯೇ ಮುಟ್ಟಿ. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ನಾಜಲ್ಲಿನ ತುಂತುರಿಗೆ ಕೈಯೊಡ್ಡಬೇಡಿ, ಅದು ಚರ್ಮವನ್ನೇ ತೂರಿಕೊಂಡು ಹೋಗುತ್ತದೆ. ಆದರೆ ಈ ಅಪಾಯಗಳೆಲ್ಲ ಲುಂಗಿಗೂ ಉಂಟು. ಲುಂಗಿ ಉಟ್ಟವನಿಗೆ ತಕ್ಕದ್ದಲ್ಲ ಎಂದು ಯಾರೂ ಹೇಳಿದ್ದು ಕೇಳಿಲ್ಲ. ಕುಕ್ಕರನ್ನು ನಮ್ಮ ಕೈಗೆ ಕೊಡುವಾಗ ಅಪಾಯದ ಮಾತು ಯಾರಿಗೂ ನೆನಪಾಗಲಿಲ್ಲ.

ಮೇಸ್ತ್ರಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಇಂಜಿನ್ನು ಟಣ್ ಎಂದು ಕಬ್ಬಿಣದ ಸದ್ದು ಮಾಡಿ ನಿಂತು, ಆಮೇಲೆ ತಿರುಗಲೇ ಒಲ್ಲದು ಎಂದರೆ ಸೆಲ್ಫ್ ಹೊಡೆಯದೆ ಅವನನ್ನು ಕರೆಸಿ. ಪಂಪಿನ ಒಳಗಿನ ಕೆಲಸವೂ ಅವನದೇ, ಅದಕ್ಕೆ ಬೇಕಾದ ಹತಾರು ನಮ್ಮಲ್ಲಿಲ್ಲ. ಆದರೆ ಕರೆಸಿದಾಗ ಬದುವಿನ ಮೇಲೆ ನಿಲ್ಲಬೇಡಿ, ಬಾನೆಟ್ಟಿನ ಹತ್ತಿರ ಬನ್ನಿ. ಏನು ಬಿಚ್ಚುತ್ತೀ, ಯಾಕೆ ಬಿಚ್ಚುತ್ತೀ ಎಂದು ಕೇಳಿ. ಕೆಲಸಕ್ಕೆ ಕೈ ಹಚ್ಚುವ ಮೊದಲೇ ಖರ್ಚು ಎಷ್ಟೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಹೊಸ ಫಿಲ್ಟರು ಹಾಕಿದೆ, ಹೊಸ ನಾಜಲ್ಲು ಹಾಕಿದೆ ಎಂದಾಗ ಹಣ ಎಣಿಸುವ ಮೊದಲು ಕೈ ಚಾಚಿ, "ಹಳೇದು ಕೊಡಪ್ಪಾ" ಅನ್ನಿ.