ಸೂಪಶಾಸ್ತ್ರದಿಂದ ಗೋಬಿ ಮಂಚೂರಿಗೆ

ಓದಿಗೊಂದು ಯೋಜನೆ ಬೇಕು, ಒಂದೇ ವಿಷಯ ಹಿಡಿದು ಆಳಕ್ಕಿಳಿಯಬೇಕು ಎನ್ನುವವರಿದ್ದಾರೆ. ಸಂಶೋಧಕರಿಗೆ ಅದು ಸರಿಯೇ. ಆದರೆ ಕೈಗೆ ಸಿಕ್ಕಿದ ಪುಸ್ತಕಗಳನ್ನೆಲ್ಲ ವಾರವಿಡೀ ಬೆರೆಸಿ ಓದುವವರಿಗೆ ಬೇರೊಂದು ಲಾಭವಿದೆ. ಒಂದು ಪುಸ್ತಕ ಎಬ್ಬಿಸಿದ ಪ್ರಶ್ನೆಗೆ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಪುಸ್ತಕ ಉತ್ತರ ಕೊಟ್ಟುಬಿಡುತ್ತದೆ.

ಈ ವಾರದ ಓದು ಶುರುವಾದದ್ದು ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಿಂದ. 16ನೇ ಶತಮಾನದ ಆರಂಭದ ಈ ಜೈನ ಕವಿ ಅಡುಗೆಯ ವಿಧಾನಗಳನ್ನು ಷಟ್ಪದಿಯಲ್ಲಿ ಕಟ್ಟಿಟ್ಟಿದ್ದಾನೆ. ಭಕ್ಷ್ಯ, ಪಾನಕ, ಅನ್ನದ ಬಗೆಗಳೆಲ್ಲ ಅಲ್ಲಿವೆ. ಬದನೆಕಾಯಿಗಂತೂ ಧಾರಾಳವಾಗಿ ಜಾಗ ಕೊಟ್ಟಿದ್ದಾನೆ. ಬಾಳೆ, ಹಲಸನ್ನೂ ಬಿಟ್ಟಿಲ್ಲ. ನಡುಗನ್ನಡ ಕಷ್ಟವೆಂದು ಪಕ್ಕಕ್ಕಿಡುವ ಪುಸ್ತಕವಲ್ಲ ಇದು. ಬಾಣಲೆಯ ಮುಂದೆ ನಿಂತು ಕಂಡವನ ಕಣ್ಣು ಪದ್ಯಗಳಲ್ಲಿದೆ. ಆದರೆ ಇಷ್ಟೆಲ್ಲ ಪಾಕಗಳ ನಡುವೆ ಎಲ್ಲಿ ಹುಡುಕಿದರೂ ಮೆಣಸಿನಕಾಯಿ ಮಾತ್ರ ಸಿಗುವುದಿಲ್ಲ. ಖಾರಕ್ಕೆ ಇರುವುದು ಕರಿಮೆಣಸು.

ಯಾಕೆ ಎಂಬುದಕ್ಕೆ ಉತ್ತರ ಬಿ.ಜಿ.ಎಲ್. ಸ್ವಾಮಿಯವರಲ್ಲಿದೆ. ಅಮೆರಿಕ ಖಂಡದ ಗಿಡಗಳು ನಮ್ಮ ಅಡುಗೆಮನೆಯನ್ನು ಹೊಕ್ಕ ಕಥೆಯೇ ಅವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಮೆಣಸಿನಕಾಯಿಯನ್ನು ಇಲ್ಲಿಗೆ ತಂದವರು ಪೋರ್ಚುಗೀಸರು. ಅವರು ಗೋವೆಯನ್ನು ಹಿಡಿದದ್ದು 1510ರಲ್ಲಿ, ಸರಿಸುಮಾರು ಮಂಗರಸನ ಕಾಲದಲ್ಲೇ. ಸ್ವಾಮಿಯವರನ್ನು ಓದಿದ ಮೇಲೆ ಬಿಸಿಬೇಳೆಬಾತಿನ ತಟ್ಟೆ ಮೊದಲಿನಂತೆ ಕಾಣುವುದಿಲ್ಲ. ಒಣಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಹುರುಳಿಕಾಯಿ, ಗೋಡಂಬಿ ಎಲ್ಲವೂ ಸಾಗರ ದಾಟಿ ಬಂದವು. ಅವನ್ನು ಎತ್ತಿಟ್ಟರೆ ಅಕ್ಕಿ, ತೊಗರಿಬೇಳೆ, ಹುಣಸೆ, ತುಪ್ಪ, ಇಂಗು ಉಳಿಯುತ್ತವೆ. ಇದೇ ನಮ್ಮ ಸನಾತನ ಊಟ ಎಂದು ವಾದಕ್ಕಿಳಿಯುವವರು ಈ ಪುಸ್ತಕವನ್ನು ಒಮ್ಮೆಯಾದರೂ ಓದಬೇಕು.

ಡಿವಿಜಿಯವರ ಮಗ ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1967ರಲ್ಲಿ ತಂದೆಗೂ 1978ರಲ್ಲಿ ಮಗನಿಗೂ ಬಂತು. ಗಿಡದ ಬಗ್ಗೆ ಇಷ್ಟು ಸಲೀಸಾದ ಕನ್ನಡ ಬರೆದವರು ಅವರ ನಂತರ ವಿರಳ. ಅವರ ಪುಸ್ತಕಗಳು ಕಾಲೇಜು ಪಠ್ಯದಿಂದಾಚೆಗೂ ಮನೆಮನೆ ತಲುಪಬೇಕು.

ವಾರದ ಕೊನೆಗೆ ಸಿಕ್ಕಿದ್ದು ಬಾನು ಮುಷ್ತಾಕ್ ಅವರ ಕತೆ. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ನ 12 ಕತೆಗಳಲ್ಲಿ ಇದೂ ಒಂದು. ಅರೇಬಿಕ್ ಕಲಿಸುವ ಮೇಷ್ಟ್ರಿಗೆ ಗೋಬಿ ಮಂಚೂರಿಯ ಹುಚ್ಚು. ಮದುವೆಯಾಗಿ ಬಂದ ಹುಡುಗಿಗೆ ಅದನ್ನು ಮಾಡಲು ಬಾರದು. ಅಷ್ಟಕ್ಕೇ ಅವಳಿಗೆ ಏಟು ಬೀಳುತ್ತದೆ.

  

ಮಂಗರಸ ಪಾಕದ ರುಚಿ ಹೇಳಿದ, ಸ್ವಾಮಿ ತರಕಾರಿಯ ಊರು ಹೇಳಿದರು. ಒಲೆಯ ಮುಂದೆ ನಿಂತವಳ ಪಾಡು ಸಿಕ್ಕಿದ್ದು ಬಾನು ಅವರಲ್ಲಿ. ವಕೀಲರಾಗಿ, ಬಂಡಾಯದ ಲೇಖಕಿಯಾಗಿ ಇಂಥ ಮನೆಗಳ ಒಳಗನ್ನು ಬಲ್ಲವರು ಅವರು. ಕತೆ ಓದುವಾಗ ಮೊದಲು ಮೇಷ್ಟ್ರ ಹುಚ್ಚಿಗೆ ನಗು ಬರುತ್ತದೆ. ಆ ಹುಡುಗಿಗೆ ಏಟು ಬಿದ್ದಲ್ಲಿಗೆ ನಗು ನಿಂತು ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಈ ವಾರ ಎರಡನೇ ಸಲ ಓದಿಸಿಕೊಂಡದ್ದು ಈ ಕತೆ ಮಾತ್ರ.