ಬಿಯರಿಗೆ ಹುಳಿ ಹಿಂಡುವವರು

ಹಾಲಿಗೆ ಹುಳಿ ಹಿಂಡಬಾರದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬಿಯರಿಗೆ ಹಿಂಡಬಾರದೆಂಬುದನ್ನು ಮಾತ್ರ ಮನೆಯಲ್ಲೇ ಬಿಯರ್ ಮಾಡುವವರಿಗೆ ಮತ್ತೆ ಮತ್ತೆ ಹೇಳಬೇಕಾಗಿದೆ. ನಮ್ಮಲ್ಲಿ ಈ ಹವ್ಯಾಸಕ್ಕೆ ಅಬಕಾರಿ ಕಾಯ್ದೆಗಳ ಅಡ್ಡಿಯಿದೆ. ಅಮೆರಿಕದಲ್ಲಿ 1978ರ ಕಾನೂನು ಬಾಗಿಲು ತೆರೆಯಿತು. ಅಲ್ಲಿನ ಹವ್ಯಾಸಿಗಳ ಅಚ್ಚುಮೆಚ್ಚು ಐಪಿಎ. ಹಾಪ್ಸ್ ಹೂವನ್ನು ಧಾರಾಳವಾಗಿ ಹಾಕಿದ ಈ ಕಹಿ ಬಿಯರು ಪುಣೆ, ಬೆಂಗಳೂರಿನ ಪಬ್‌ಗಳಲ್ಲೂ ಸಿಗುತ್ತದೆ. ಅದರಲ್ಲಿ ಕಿತ್ತಳೆಯ ಘಮ ಸಾಲದೆನಿಸಿದ ಕೂಡಲೇ ಹಣ್ಣಿನ ರಸ ಸುರಿಯುವ ಚಾಳಿಯೊಂದಿದೆ. ನನ್ನ ತಕರಾರು ಅದರ ಮೇಲೆ.

ರಸದಲ್ಲಿರುವುದೇನು? ನೀರು, ಸಕ್ಕರೆ, ಹುಳಿ. ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸುತ್ತದೆ. ಹುಳಿ ಉಳಿಯುತ್ತದೆ, ಹಾಪ್ಸಿನ ಕಹಿಯ ಜೊತೆ ಸೇರಿ ಬಾಯಿ ಕೆಡಿಸುತ್ತದೆ. ನಾವು ಕಿತ್ತಳೆಯ ಘಮ ಎನ್ನುವುದು ಇರುವುದು ಸಿಪ್ಪೆಯ ಎಣ್ಣೆಯಲ್ಲಿ. ಸಿಪ್ಪೆ ಮಡಚಿದರೆ ಕಣ್ಣಿಗೆ ಚಿಮ್ಮುತ್ತದಲ್ಲ, ಅದೇ.

ಇನ್ನೂ ಮುಖ್ಯವಾದ ಮಾತು: ಹಾಪ್ಸಿನಲ್ಲೇ ಆ ಘಮವಿದೆ. 1972ರಲ್ಲಿ ಒರೆಗಾನ್‌ನಿಂದ ಹೊರಬಂದ ಕ್ಯಾಸ್ಕೇಡ್ ತಳಿ ಚಕೋತವನ್ನು ನೆನಪಿಸುತ್ತದೆ; 2008ರ ಸಿಟ್ರಾ ತಳಿಯ ಹೆಸರೇ ನಿಂಬೆಯ ಕುಲದ್ದು. ಹಾಪ್ಸಿನ ಜಿರೇನಿಯಾಲ್ ಎಂಬ ಸುಗಂಧವನ್ನು ಯೀಸ್ಟ್ ನಿಂಬೆ ಘಮದ ಸಿಟ್ರೊನೆಲ್ಲಾಲ್ ಆಗಿ ಬದಲಿಸುತ್ತದೆ. ಇಷ್ಟಿದ್ದೂ ಘಮ ಬರದಿದ್ದರೆ ಹೂವು ಹಳತಾಗಿರಬೇಕು, ಇಲ್ಲವೇ ಹಾಕಿದ ಹೊತ್ತು ತಪ್ಪಿರಬೇಕು. ಒಂದು ಗಂಟೆ ಕುದಿಸಿದರೆ ಕಹಿ ಇಳಿಯುತ್ತದೆ, ಘಮ ಹಬೆಯ ಜೊತೆ ಹೋಗುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಕೊನೆಗೆ ಹಾಕುವ ನಮಗೆ ಇದು ಹೊಸದಲ್ಲ. ಉರಿ ಆರಿಸಿ, 80 ಡಿಗ್ರಿಗೆ ಇಳಿದ ಮೇಲೆ ಒಂದು ಪಾಲು ಹಾಪ್ಸ್ ಹಾಕಬೇಕು. ಹುದುಗುವುದು ಮುಗಿಯುತ್ತ ಬಂದಾಗ ಇನ್ನೊಂದು ಪಾಲು ಹಾಕಿ ಎರಡು ಮೂರು ದಿನ ಬಿಡಬೇಕು. ಆಮೇಲೆ ಗಾಳಿ ತಾಗಿಸಬಾರದು.

"ಬೆಲ್ಜಿಯಂನವರು ಕಿತ್ತಳೆ ಹಾಕುವುದಿಲ್ಲವೇ?" ಎಂದು ಕೇಳುತ್ತಾರೆ. ತಮ್ಮ ವಿಟ್‌ಬಿಯರಿಗೆ ಹಾಕುತ್ತಾರೆ, ಕೊತ್ತಂಬರಿ ಬೀಜದ ಜೊತೆಗೆ. ಆದರೆ ಹಾಕುವುದು ಒಣಗಿದ ಸಿಪ್ಪೆಯನ್ನು, ರಸವನ್ನಲ್ಲ. ಹಾಪ್ಸಿನ ಕಹಿಯೂ ಅಲ್ಲಿ ಕಡಿಮೆ.

ಹಾಗೆಂದು ಹಣ್ಣು ಸೋಕಿದರೆ ಮೈಲಿಗೆ ಎನ್ನುವ ಮಡಿವಂತರ ಪಕ್ಷವೂ ನನ್ನದಲ್ಲ. ಹಾಪ್ಸ್ ತನ್ನ ಕೆಲಸ ಮಾಡಿದ ಮೇಲೂ ಬೇಕೆನಿಸಿದರೆ 20 ಲೀಟರಿಗೆ ಎರಡು ಕಿತ್ತಳೆಯ ಹೊರಸಿಪ್ಪೆಯಿಂದ ಶುರುಮಾಡಿ. ತೆಳ್ಳಗೆ ತುರಿಯಿರಿ, ಒಳಗಿನ ಬಿಳಿ ಪದರ ಬರೀ ಕಹಿ, ಅದು ಬೇಡ. ತುರಿಯನ್ನು ಸ್ವಲ್ಪ ವೋಡ್ಕಾದಲ್ಲಿ ನೆನೆಸಿ, ಬಿಯರು ಹುದುಗಿ ಮುಗಿದ ಮೇಲೆ ರುಚಿ ನೋಡುತ್ತ ಸೇರಿಸಿ. ಹೆಚ್ಚಾದರೆ ಪಾತ್ರೆ ತೊಳೆಯುವ ಸೋಪಿನ ವಾಸನೆ ಬಂದೀತು.

ರಸ ಸುರಿಯುವವರ ಕೊನೆಯ ವಾದ, "ನಮ್ಮನೆ ಬಿಯರು, ನಮ್ಮಿಷ್ಟ." ಆಗಲಿ, ಕುಡಿಯುವ ಲೋಟಕ್ಕೆ ಹಿಂಡಿಕೊಳ್ಳಿ, ಯಾರದ್ದೂ ಅಡ್ಡಿಯಿಲ್ಲ. ಇಡೀ ಪೀಪಾಯಿಗೆ ಸುರಿದರೆ ಮಾತ್ರ ಹಾಪ್ಸ್ ಎಲ್ಲಿ ಕೈಕೊಟ್ಟಿತೆಂದು ನಿಮಗೆ ತಿಳಿಯುವುದೇ ಇಲ್ಲ. ಮುಂದಿನ ಸಲವೂ ಅದೇ ಘಮವಿಲ್ಲದ ಬಿಯರು, ಅದೇ ರಸದ ಡಬ್ಬಿ.