ಡ್ರ್ಯಾಗನ್ನಿನ ಎಲುಬು

ಚೀನಾ ದೇಶದ ಡ್ರ್ಯಾಗನ್ ಮಳೆಯ ಒಡೆಯ, ನದಿ ಸಮುದ್ರಗಳ ಅಧಿದೇವತೆ, ಚಕ್ರವರ್ತಿಯ ಲಾಂಛನ. ಯೂರೋಪಿನ ಕಥೆಗಳ ಬೆಂಕಿಯುಗುಳುವ ದುಷ್ಟಜಂತುವಿನಂತೆ ಅದು ವಧಾರ್ಹವಲ್ಲ, ಪೂಜಾರ್ಹ. ನೆಲದಲ್ಲಿ ದೊರೆತ ಡೈನೋಸಾರಿನ ಎಲುಬುಗಳನ್ನು ಕಂಡೇ ಪೂರ್ವಿಕರು ಈ ಪ್ರಾಣಿಯನ್ನು ಕಲ್ಪಿಸಿಕೊಂಡರೆಂಬ ಮಾತು ಇಂದು ಬಹು ಪ್ರಚಲಿತವಾಗಿದೆ. ಮಾತು ಮನೋಹರವಾದುದು. ಆದರೆ ಮನೋಹರವಾದುದೆಲ್ಲವೂ ಸತ್ಯವಾಗಬೇಕೆಂಬ ನಿಯಮವಿಲ್ಲ.

ಈ ವಾದಕ್ಕೆ ಆಧಾರವೇ ಇಲ್ಲವೆನ್ನಲಾಗದು. ಕ್ರಿ. ಶ. 4ನೆಯ ಶತಮಾನದ ಇತಿಹಾಸಕಾರ ಚಾಂಗ್ ಚೂ, ಇಂದಿನ ಸಿಚುವಾನ್ ಪ್ರಾಂತದಲ್ಲಿ ‘ಡ್ರ್ಯಾಗನ್ ಎಲುಬು’ಗಳು ದೊರೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ಪ್ರಾಂತದಲ್ಲಿ ಡೈನೋಸಾರ್ ಪಳೆಯುಳಿಕೆಗಳು ಹೇರಳವಾಗಿವೆ. ಹೆನಾನ್ ಪ್ರಾಂತದ ಹಳ್ಳಿಗರು ಡೈನೋಸಾರ್ ಎಲುಬುಗಳನ್ನು ಡ್ರ್ಯಾಗನ್ನಿನವೆಂದು ನಂಬಿ, ಕುದಿಸಿ, ಅರೆದು, ಔಷಧವಾಗಿ ಬಳಸುತ್ತಿದ್ದರೆಂಬ ಸಂಗತಿ 2007ರಲ್ಲಿ ಹೊರಬಿದ್ದಿತು.

ಆದರೂ ಚೀನೀ ಔಷಧದಂಗಡಿಗಳಲ್ಲಿ ಈ ಹೆಸರಿನಿಂದ ಮಾರಾಟವಾದ ಎಲುಬುಗಳಲ್ಲಿ ಬಹುಪಾಲು ಡೈನೋಸಾರಿನವಲ್ಲ. ಆನೆ, ಖಡ್ಗಮೃಗ, ಕುದುರೆ, ಜಿಂಕೆಗಳ ಪ್ರಾಚೀನ ಜಾತಿಗಳವು. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಹೆನಾನಿನ ಪುಯಾಂಗ್ ಬಳಿ 1987ರಲ್ಲಿ ಬೆಳಕಿಗೆ ಬಂದ ಸಮಾಧಿಯೊಂದರಲ್ಲಿ ಚಿಪ್ಪುಗಳನ್ನು ಜೋಡಿಸಿ ರಚಿಸಿದ ಡ್ರ್ಯಾಗನ್ ಆಕೃತಿಯಿದೆ. ಅದರ ವಯಸ್ಸು ಸುಮಾರು 6,000 ವರ್ಷ; ಅದರ ರೂಪ ಮೊಸಳೆಯನ್ನು ಹೋಲುತ್ತದೆ. ಚಾಂಗ್ ಚೂ ಲೇಖನಿ ಹಿಡಿಯುವ ವೇಳೆಗೆ ಡ್ರ್ಯಾಗನ್ ಅತಿ ಪುರಾತನವಾಗಿತ್ತು. ಆದುದರಿಂದ ಅವನ ಬರಹವು ಎಲುಬಿನಿಂದ ಕಲ್ಪನೆ ಹುಟ್ಟಿತೆಂಬುದನ್ನು ಸಾಧಿಸುವುದಿಲ್ಲ. ಮೊದಲೇ ಇದ್ದ ಕಲ್ಪನೆ ಎಲುಬಿಗೆ ಹೆಸರಾಯಿತೆಂಬುದನ್ನಷ್ಟೇ ತೋರಿಸುತ್ತದೆ.

ಹಾಗೆಂದು ಹಳೆಯ ನಂಬಿಕೆಯನ್ನು ಹೀಗಳೆಯುವುದೂ ವಿವೇಕವಲ್ಲ. ಡ್ರ್ಯಾಗನ್ ಎಲುಬುಗಳೆಂದು ಮಾರಾಟವಾಗುತ್ತಿದ್ದ ತುಣುಕುಗಳ ಮೇಲೆಯೇ 1899ರಲ್ಲಿ ವಿದ್ವಾಂಸ ವಾಂಗ್ ಯಿರಾಂಗ್ ಚೀನಾದ ಅತಿ ಪ್ರಾಚೀನ ಲಿಪಿಯನ್ನು ಗುರುತಿಸಿದರು. ಬೀಜಿಂಗಿನ ಸಮೀಪ ಆದಿಮಾನವನ ತಲೆಬುರುಡೆ 1929ರಲ್ಲಿ ದೊರೆತ ತಾಣದ ಹೆಸರೂ ‘ಡ್ರ್ಯಾಗನ್ ಎಲುಬಿನ ಗುಡ್ಡ’. ನಂಬಿಕೆಯು ಎಲುಬನ್ನು ನೆಲದಿಂದ ಮೇಲೆತ್ತಿತು. ಅದೇ ನಂಬಿಕೆ ಅದನ್ನು ಕಲ್ಲಿಗಿಟ್ಟು ಅರೆಯಿತು. ಅದನ್ನು ಓದಿದುದು ಮಾತ್ರ ಪರೀಕ್ಷಿಸುವ ಕಣ್ಣು. ಎಷ್ಟು ಲಿಪಿಗಳು ಹೀಗೆ ಅರೆದು ಹೋದುವೋ, ಲೆಕ್ಕವಿಟ್ಟವರಿಲ್ಲ.

ಪಾಠ ಹೇಳುವವರು ಈ ಕಥೆಯನ್ನು ಮಕ್ಕಳಿಂದ ಕಸಿದುಕೊಳ್ಳಬೇಕಾಗಿಲ್ಲ. ಕಥೆಯೊಡನೆ ಎರಡು ಪ್ರಶ್ನೆಗಳನ್ನು ಕಲಿಸಿದರೆ ಸಾಕು: ಯಾವುದು ಮೊದಲು, ಯಾವುದು ಅನಂತರ? ಅದು ತಿಳಿದುದು ಹೇಗೆ? ಈ ಎರಡನ್ನು ಕೇಳಬಲ್ಲ ಬಾಲಕನ ಕೈಗೆ ಎಂತಹ ಪುರಾಣವನ್ನಿತ್ತರೂ ಭಯವಿಲ್ಲ.